ಅರ್ಧ ತೆರೆದ ಬಾಗಿಲು



ನಮ್ಮ ಮೈಸೂರಿನ ಮಹಾರಾಣಿ ಶಾಲೆ 1881ರಲ್ಲಿ ಶುರುವಾಯ್ತು. ಕಟ್ಟಿದವರು ದರ್ಬಾರ್ ಬಕ್ಷಿ ಅಂಬಳೆ ನರಸಿಂಹ ಅಯ್ಯಂಗಾರ್ಯರು. ಬಾಲ್ಯವಿವಾಹದ ಆ ಕಾಲಕ್ಕೆ ಅದು ದೊಡ್ಡ ಕೆಲಸವೇ. ನಾವು ಇಲ್ಲ ಅನ್ನೋಲ್ಲ. ಆದರೆ ಹೆಸರಲ್ಲೇ ‘ಕಾಸ್ಟ್ ಗರ್ಲ್ಸ್ ಸ್ಕೂಲ್’ ಅಂತಿತ್ತು. ಅಂದರೆ ಮೇಲ್ಜಾತಿ ಹೆಣ್ಣುಮಕ್ಕಳಿಗೆ. ಹೊಲಗೇರಿ, ಮಾದಿಗೇರಿಯ ಮಕ್ಕಳು ಲೆಕ್ಕಕ್ಕೇ ಇರಲಿಲ್ಲ.

ಕಾಲವೇ ಹಾಗಿತ್ತು ಅಂತಾರೆ. ಸುಳ್ಳು. ಪುಣೆಯಲ್ಲಿ ಫುಲೆ ದಂಪತಿಗಳ ಶಾಲೇಲಿ ಕಲಿತ ಮಾಂಗ್ ಜಾತಿಯ ಹುಡುಗಿ ಮುಕ್ತಾ ಸಾಳ್ವೆ 1855ರಲ್ಲೇ ತನ್ನ ಜನರ ಸಂಕಟ ಬರೆದು ಅಚ್ಚಿಗೆ ಕೊಟ್ಟಳು.

1950ರಲ್ಲಿ ಬಾಬಾಸಾಹೇಬರ ಸಂವಿಧಾನ ಬಂತು. ಬಾಗಿಲು ತೆರೀತು. ಆದರೆ ಹಳ್ಳಿಯಿಂದ ಬರೋ ಹುಡುಗಿ ಮಲಗೋದೆಲ್ಲಿ, ಉಣ್ಣೋದೆಲ್ಲಿ? ಹಾಸ್ಟೆಲ್ಲಿಲ್ಲದ ಶಾಲೆ ನಮಗೆ ಅರ್ಧ ತೆರೆದ ಬಾಗಿಲು. ಹಾಸ್ಟೆಲ್ ಸೀಟು ಭಿಕ್ಷೆಯಲ್ಲ, ನಮಗೆ ಬರಬೇಕಾದ ಬಾಕಿ. ಕೇಳಿ ಪಡೆಯೋಣ.

ಜೈ ಭೀಮ್.