ಸುಣ್ಣದಕಲ್ಲಿನ ಬಯಲು, ಹೊಗೆಯಾಡುವ ಬೆಟ್ಟ



‘ಜಪಾನ್ ಜ್ವಾಲಾಮುಖಿಗಳ ನಾಡು’ ಎಂದು ಬರೆದು ಅಂಕ ಪಡೆದವರು ನಾವು. ಕಂಪನಿ ಕೆಲಸಕ್ಕೆ ಅಲ್ಲಿ ಹೋದಾಗ ರಜೆ ಹಾಕಿ ಎರಡು ಜಾಗ ನೋಡಿದೆ.

ಯಾಮಾಗುಚಿ ಪ್ರಾಂತ್ಯದ ಅಕಿಯೋಶಿದಾಯಿ ಸುಣ್ಣದಕಲ್ಲಿನ ಪ್ರಸ್ಥಭೂಮಿ. 30 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದಲ್ಲಿ ಹವಳದ ದಿಬ್ಬವಾಗಿತ್ತು. ಹುಲ್ಲಿನ ನಡುವಿನ ಬಿಳಿಗಲ್ಲುಗಳು ದೂರಕ್ಕೆ ಕುರಿಮಂದೆಯಂತೆ ಕಾಣುತ್ತವೆ. ಮೇಲೆ ಹೊಳೆಯೇ ಇಲ್ಲ; ಮಳೆನೀರು ಕಲ್ಲನ್ನು ಕರಗಿಸುತ್ತ ಕೆಳಗಿಳಿಯುತ್ತದೆ. ಹಾಗೆ ಕೊರೆದ ಗುಹೆಯೊಳಗೆ ಬೇಸಿಗೆ, ಚಳಿಗಾಲ ಎರಡರಲ್ಲೂ ಸುಮಾರು 17 ಡಿಗ್ರಿ.

ಕ್ಯೂಶು ದ್ವೀಪದ ಅಸೋ ಬೇರೆಯೇ ಬಗೆ. ಸುಮಾರು 25 ಕಿಲೋಮೀಟರ್ ಉದ್ದದ ಜ್ವಾಲಾಮುಖಿ ಕುಳಿ. ಅದರೊಳಗೇ ಊರು, ಗದ್ದೆ, ರೈಲು! ನಡುವಿನ ನಕಾದಾಕೆ ಶಿಖರ ಇನ್ನೂ ಹೊಗೆಯುಗುಳುತ್ತದೆ. ವಿಷಗಾಳಿ ಹೆಚ್ಚಾದರೆ ದಾರಿ ಬಂದ್.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹುಲ್ಲು. ಎರಡೂ ಕಡೆ ಅದು ತಾನಾಗಿ ಉಳಿದದ್ದಲ್ಲ. ಊರವರು ಮೊದಲೇ ಬೆಂಕಿ ರೇಖೆ ಸವರಿಟ್ಟು, ಚಳಿ ಮುಗಿಯುವ ಹೊತ್ತಿಗೆ ಒಣಹುಲ್ಲು ಸುಡುತ್ತಾರೆ. ಬಿಟ್ಟರೆ ಪೊದೆ ಬೆಳೆದು ಕಾಡಾಗುತ್ತದೆ. ಅಸೋದಲ್ಲಿ ದನ ಮೇಯುವ ಈ ಬಯಲು ಊರೊಟ್ಟಿನದು, ನಮ್ಮ ಗೋಮಾಳದ ಹಾಗೆ. ಈಗ ಹರೆಯದವರು ಪಟ್ಟಣ ಸೇರಿದ್ದಾರೆ. ಹೊರಗಿನ ಸ್ವಯಂಸೇವಕರು ಬಂದು ಕೈಜೋಡಿಸುತ್ತಾರೆ, ಸರಿ. ಆದರೆ ಗಾಳಿ ಯಾವಾಗ ತಿರುಗುತ್ತದೆ, ಯಾವ ಇಳಿಜಾರಿಗೆ ಮೊದಲು ಬೆಂಕಿಯಿಡಬೇಕು ಎಂಬ ಲೆಕ್ಕ ಇರುವುದು ವಯಸ್ಸಾದವರ ತಲೆಯಲ್ಲಿ. ಅದಕ್ಕೆ ಸಾಫ್ಟ್‌ವೇರ್ ಬರೆಯುವುದು ನನ್ನಿಂದಂತೂ ಆಗದು.