ರುಜುವೂ ರುಜುವಾತೂ

ಅಚ್ಚಾದ ಒಂದು ಚಿತ್ರ. ಅದರ ಕೆಳಗಿನ ಬಿಳಿ ಅಂಚಿನ ಎಡಮೂಲೆಯಲ್ಲಿ ಪೆನ್ಸಿಲಿನಿಂದ ಬರೆದ 37/100 ಎಂಬ ಅಂಕಿ. ಬಲಮೂಲೆಯಲ್ಲಿ ‘ಮ್ಯಾನ್ ರೇ’ ಎಂಬ ರುಜು. ಕೊಳ್ಳಲು ಬಂದವರು ಚಿತ್ರಕ್ಕಿಂತ ಮೊದಲು ನೋಡುವುದು ಈ ಎರಡು ಗುರುತುಗಳನ್ನೇ. ನೂರು ಪ್ರತಿಗಳಿರುವ ಚಿತ್ರವನ್ನು ‘ಮೂಲಕೃತಿ’ ಎನ್ನುವುದು ಹೇಗೆ? ಆ ಪೆನ್ಸಿಲ್ ಗುರುತುಗಳು ಕೊಳ್ಳುವವನಿಗೆ ಕೊಡುವ ಭರವಸೆಯಾದರೂ ಏನು?

ಮೊದಲು ಎಚಿಂಗ್ ಎಂದರೇನು ಎಂಬುದನ್ನು ತಿಳಿಯಬೇಕು. ತಾಮ್ರ ಅಥವಾ ಸತುವಿನ ನುಣುಪಾದ ತಗಡಿಗೆ ಮೇಣ ಮತ್ತು ರಾಳ ಬೆರೆತ ತೆಳುವಾದ ಲೇಪವನ್ನು ಹಚ್ಚುತ್ತಾರೆ. ಕಲಾವಿದ ಸೂಜಿಯಿಂದ ಆ ಲೇಪದ ಮೇಲೆ ಗೀಚಿ ಚಿತ್ರ ಬರೆಯುತ್ತಾನೆ. ತಗಡನ್ನು ಆಮ್ಲದಲ್ಲಿ ಮುಳುಗಿಸಿದಾಗ ಗೀಚಿದ ಕಡೆ ಮಾತ್ರ ಲೋಹ ಕರಗಿ ಗೆರೆ ಕೊರೆದುಕೊಳ್ಳುತ್ತದೆ. ಹೆಚ್ಚು ಹೊತ್ತು ಇಟ್ಟಷ್ಟೂ ಗೆರೆ ಆಳ. ಅನಂತರ ಲೇಪವನ್ನು ತೆಗೆದು, ಗೆರೆಗಳಲ್ಲಿ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಮಾಡಿದ ಕಾಗದವಿಟ್ಟು ಉರುಳೆಯ ನಡುವೆ ಒತ್ತುತ್ತಾರೆ. ಪ್ರತಿಯೊಂದು ಹಾಳೆಗೂ ಶಾಯಿ ತುಂಬುವುದು, ಒರೆಸುವುದು ಮತ್ತೆ ಮೊದಲಿನಿಂದ. ಆದ್ದರಿಂದ ಒಂದು ಹಾಳೆ ಇನ್ನೊಂದರ ಪಡಿಯಚ್ಚಲ್ಲ. ತಗಡಿನಿಂದ ನೇರವಾಗಿ ಮೂಡಿದ ಪ್ರತಿಯೊಂದು ಹಾಳೆಯೂ ಮೂಲಕೃತಿಯೇ.

ಆದರೆ ತಗಡು ಉಳಿದಷ್ಟು ಕಾಲ ಅಚ್ಚು ಹಾಕುತ್ತಲೇ ಇರಬಹುದು. 1669ರಲ್ಲಿ ತೀರಿಕೊಂಡ ರೆಂಬ್ರಾಂಟನ ತಗಡುಗಳು ಕೈಯಿಂದ ಕೈಗೆ ದಾಟಿ, ಮುಂದಿನ ಎರಡು ಶತಮಾನಗಳಿಗೂ ಮೀರಿ ಅಚ್ಚಾದವು. ತಗಡು ಸವೆದಂತೆ ಗೆರೆಗಳು ಮಂಕಾದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿಸ್ಲರ್‌ನಂಥ ಕಲಾವಿದರು ಹಾಳೆಗಳ ಮೇಲೆ ಪೆನ್ಸಿಲಿನಿಂದ ರುಜು ಹಾಕಲಾರಂಭಿಸಿದರು. ಕ್ರಮೇಣ ಸಂಖ್ಯೆ ಹಾಕುವ ಪದ್ಧತಿಯೂ ಬಂತು. 37/100 ಎಂದರೆ ಒಟ್ಟು ನೂರು ಪ್ರತಿಗಳಲ್ಲಿ ಇದು ಮೂವತ್ತೇಳು ಎಂಬ ಗುರುತು ಹೊತ್ತದ್ದು. ಕಲಾವಿದ ತನಗಾಗಿ ತೆಗೆದಿಟ್ಟುಕೊಂಡ ಕೆಲವು ಪ್ರತಿಗಳು ಈ ಲೆಕ್ಕದ ಹೊರಗೆ. ನಿಗದಿಯಾದಷ್ಟು ಪ್ರತಿ ತೆಗೆದ ಮೇಲೆ ತಗಡಿನ ಮೇಲೆ ಅಡ್ಡಗೆರೆ ಎಳೆದು ಅದನ್ನು ಕೆಡಿಸುವುದುಂಟು. ಹೀಗೆ ಆ ಅಂಕಿ, ‘ಇನ್ನು ಮುಂದೆ ಅಚ್ಚು ಹಾಕುವುದಿಲ್ಲ’ ಎಂದು ಕೊಟ್ಟ ಮಾತು. ರುಜುವಾದರೋ ‘ಈ ಹಾಳೆಯನ್ನು ಕಂಡು ಒಪ್ಪಿದ್ದೇನೆ’ ಎಂಬ ಸಾಕ್ಷಿ.

ಇಂಥ ಮಾತು ಕೊಡುವವನು ಮ್ಯಾನ್ ರೇ ಆಗಿದ್ದರೆ ಸಂಗತಿ ಇನ್ನಷ್ಟು ಕುತೂಹಲಕರ. 1890ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಇಮ್ಯಾನ್ಯುಯೆಲ್ ರಾಡ್ನಿಟ್ಸ್ಕಿ ಬಟ್ಟೆ ಹೊಲಿಯುವವರ ಮನೆಯ ಹುಡುಗ. ಮ್ಯಾನ್ ರೇ ಎಂಬುದು ಆತ ಇಟ್ಟುಕೊಂಡ ಹೆಸರು. 1921ರಲ್ಲಿ ಪ್ಯಾರಿಸ್ ಸೇರಿ, ಅತಿವಾಸ್ತವವಾದಿಗಳ ಬಳಗದ ಮುಖ್ಯ ಛಾಯಾಗ್ರಾಹಕನಾದ. ಕ್ಯಾಮೆರಾ ಇಲ್ಲದೆ, ಛಾಯಾಚಿತ್ರದ ಕಾಗದದ ಮೇಲೆ ವಸ್ತುಗಳನ್ನಿಟ್ಟು ಬೆಳಕು ಹಾಯಿಸಿ ಮೂಡಿಸಿದ ಚಿತ್ರಗಳಿಗೆ ‘ರೇಯೋಗ್ರಾಫ್’ ಎಂದು ತನ್ನದೇ ಹೆಸರಿಟ್ಟ. ಅಂಥ ಚಿತ್ರ ಒಂದೇ ಒಂದು. ನೆಗೆಟಿವ್ ಇಲ್ಲ, ಎರಡನೆಯ ಪ್ರತಿಯೂ ಇಲ್ಲ. ಆದರೂ 1922ರಲ್ಲಿ ಅಂಥ ಹನ್ನೆರಡು ಚಿತ್ರಗಳ ಫೋಟೋ ತೆಗೆದು, ನಲವತ್ತು ಪ್ರತಿಗಳ ಸಂಪುಟವಾಗಿ ಆತನೇ ಹೊರತಂದ!

ಪ್ಯಾರಿಸಿನಲ್ಲಿ ಆತನ ಮೊದಲ ಪ್ರದರ್ಶನ ನಡೆದದ್ದು 1921ರ ಡಿಸೆಂಬರ್‌ನಲ್ಲಿ. ಅಂದು ಅಂಗಡಿಯಿಂದ ಒಂದು ಇಸ್ತ್ರಿಪೆಟ್ಟಿಗೆ ತಂದು, ಅದರ ತಳಕ್ಕೆ ಸಾಲಾಗಿ ಮೊಳೆ ಅಂಟಿಸಿ ‘ಉಡುಗೊರೆ’ ಎಂದು ಇಟ್ಟ. ಬಟ್ಟೆಯ ಸುಕ್ಕು ತೆಗೆಯಬೇಕಾದದ್ದು ಬಟ್ಟೆಯನ್ನೇ ಹರಿಯುವ ವಸ್ತುವಾಯಿತು. ಅದು ಅಂದೇ ಕಳುವಾಯಿತು. ಮುಂದೆ ಹಲವು ಬಾರಿ ಮರುರೂಪ ಪಡೆದು, 1974ರಲ್ಲಿ 5000 ಪ್ರತಿಗಳಾಗಿ ಮಾರಾಟಕ್ಕೆ ಬಂತು. ಮೆಟ್ರೊನೋಮ್ ಎಂಬ ತಾಳಯಂತ್ರದ ಕಡ್ಡಿಗೆ ಕಣ್ಣಿನ ಚಿತ್ರ ಸಿಕ್ಕಿಸಿದ ‘ನಾಶಮಾಡಬೇಕಾದ ವಸ್ತು’ 1923ರದು. 1957ರಲ್ಲಿ ಪ್ರದರ್ಶನಕ್ಕೆ ನುಗ್ಗಿದ ವಿದ್ಯಾರ್ಥಿಗಳು ಆ ಹೆಸರನ್ನೇ ಆಜ್ಞೆಯೆಂದು ಬಗೆದರೋ ಏನೋ, ಅದನ್ನು ನಾಶಮಾಡಿಯೇ ಬಿಟ್ಟರು. ಮ್ಯಾನ್ ರೇ ಅದನ್ನು ಮತ್ತೆ ಮಾಡಿ ‘ಅವಿನಾಶಿ ವಸ್ತು’ ಎಂದು ಹೆಸರಿಟ್ಟ. 1965ರಲ್ಲಿ ಅದರ ನೂರು ಪ್ರತಿಗಳು ಹೊರಬಂದವು. ವಸ್ತು ಹೋದರೂ ಕಲ್ಪನೆ ಉಳಿಯುತ್ತದೆ ಎಂಬುದು ಆತನ ನಿಲುವು. ಬದುಕಿನ ಕೊನೆಯ ದಶಕಗಳಲ್ಲಿ ಎಚಿಂಗ್, ಶಿಲಾಮುದ್ರಣಗಳ ಕಡೆ ತಿರುಗಿದವನಿಗೆ ಹಲವು ಪ್ರತಿಗಳಿರುವುದು ಕೊರತೆಯಾಗಿ ಕಾಣಲಿಲ್ಲ.

ಆದರೆ ಕೊಳ್ಳುವವನಿಗೆ ನಂಬಿಕೆ ಬೇಕು. ಅದೇ ಬಳಗದ ಡಾಲಿ ರುಜು ಹಾಕಿದ್ದ ಸುಮಾರು 40,000 ಖಾಲಿ ಹಾಳೆಗಳ ಲಾರಿಯೊಂದು 1974ರಲ್ಲಿ ಫ್ರಾನ್ಸಿನ ಸುಂಕದ ಅಧಿಕಾರಿಗಳಿಗೆ ಸಿಕ್ಕಿತು. ಚಿತ್ರವೇ ಇಲ್ಲದ ಕಾಗದಕ್ಕೆ ರುಜು ಮೊದಲೇ ಬಿದ್ದಿತ್ತು! ಮ್ಯಾನ್ ರೇ 1976ರಲ್ಲಿ ತೀರಿಕೊಂಡ. ಹಳೆಯ ಮುದ್ರಿಕೆಗಳೆಂದು 1990ರ ದಶಕದಲ್ಲಿ ಮಾರಾಟವಾದ ಆತನ ಹಲವು ಛಾಯಾಚಿತ್ರಗಳ ಕಾಗದವನ್ನು ಪರೀಕ್ಷಿಸಿದಾಗ, ಆ ಕಾಗದ ಆತ ಸತ್ತ ಎಷ್ಟೋ ವರ್ಷಗಳ ಮೇಲೆ ತಯಾರಾದದ್ದೆಂದು ಬಯಲಾಯಿತು. 2022ರಲ್ಲಿ ಆತನ ‘ಆಂಗ್ರನ ಪಿಟೀಲು’ ಛಾಯಾಚಿತ್ರದ ಮೂಲಪ್ರತಿಯೊಂದು 124 ಲಕ್ಷ ಡಾಲರಿಗೆ ಹರಾಜಾಯಿತು. ಇಷ್ಟು ಹಣ ಓಡಾಡುವ ಕಡೆ ಮೋಸವೂ ಹಿಂಬಾಲಿಸುವುದು ಆಶ್ಚರ್ಯವಲ್ಲ.

ರುಜು ಇದ್ದ ಮಾತ್ರಕ್ಕೆ ಅದು ರುಜುವಾತಾಗುವುದಿಲ್ಲ. ಕಾಗದ ಯಾವ ಕಾಲದ್ದು, ತಗಡಿನ ಅಂಚು ಒತ್ತಿದ ಗುರುತು ಇದೆಯೇ, ಪ್ರಕಾಶಕರು ಯಾರು, ಇಲ್ಲಿಯವರೆಗೆ ಯಾರ ಯಾರ ಕೈ ದಾಟಿ ಬಂದಿದೆ – ಇವೆಲ್ಲ ಕೂಡಿ ನುಡಿದಾಗಲೇ ಸಾಕ್ಷಿ ಪೂರ್ಣ. ಅವೆಲ್ಲ ಹೊಂದಿಬಂದರೆ, ಅಂಚಿನ ಆ ಸಣ್ಣ ಪೆನ್ಸಿಲ್ ಗೆರೆಗೆ ಬೆಲೆ ಕಟ್ಟಬಹುದು. ಲೋಹವನ್ನು ಆಮ್ಲ ಕೊರೆದೀತು. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕಾದವನು ಮನುಷ್ಯನೇ.