ಒಂದು ರೂಪಾಯಿಯ ಬಗ್

ಸಾಫ್ಟ್‌ವೇರ್ ಕಂಪನಿಗಳಲ್ಲಿ ದಿನಾ ಕೇಳಿಬರುವ ಒಂದು ಮಾತಿದೆ: "ಸಣ್ಣ ಬಗ್ ಬಿಡ್ರೀ, ಮುಂದಿನ ಸ್ಪ್ರಿಂಟ್‌ನಲ್ಲಿ ನೋಡೋಣ." ಇವತ್ತಿನ ಸಂಚಿಕೆ ಆ ಮಾತಿನ ಬಗ್ಗೆ.

ನಾನು ಓದಿದ್ದು ಬಿಕಾಂ. ಮೊದಲ ಕೆಲಸ ಸಿಕ್ಕಿದ್ದು ಬೆಂಗಳೂರಿನಲ್ಲಿ, ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯೊಂದರಲ್ಲಿ, ಟೆಸ್ಟರ್ ಆಗಿ. ಕೋಡ್ ಬರೆಯೋಕೆ ಬರ್ತಿರಲಿಲ್ಲ. ಆದರೆ ಲೆಕ್ಕ ತಾಳೆ ಆಗದಿದ್ರೆ ತಕ್ಷಣ ಗೊತ್ತಾಗ್ತಿತ್ತು. ಅಲ್ಲಿ ನಡೀತಿದ್ದದ್ದು ಅಜೈಲ್ ಪದ್ಧತಿ. ಎರಡು ವಾರಕ್ಕೊಂದು ಸ್ಪ್ರಿಂಟ್. ಶುರುವಿನಲ್ಲಿ ಏನು ಮಾಡಬೇಕು ಅಂತ ತೀರ್ಮಾನ, ಕೊನೆಯಲ್ಲಿ ಮುಗಿಸಿದ್ದನ್ನು ತೋರಿಸಬೇಕು.

ಒಂದು ದಿನ ನನಗೊಂದು ಬಗ್ ಸಿಕ್ಕಿತು. 50 ರೂಪಾಯಿಯ ಮೂರು ವಸ್ತು, ಶೇ 5 ಜಿಎಸ್‌ಟಿ. ಒಂದೊಂದಕ್ಕೂ ತೆರಿಗೆ 2.50 ರೂಪಾಯಿ. ಬಿಲ್ಲಿನಲ್ಲಿ ಮೊದಲು ಕೂಡಿಸಿ, 7.50 ಅನ್ನು 8ಕ್ಕೆ ರೌಂಡ್ ಮಾಡ್ತಿತ್ತು. ತಿಂಗಳ ವರದಿಯಲ್ಲಿ ಪ್ರತಿ ವಸ್ತುವಿನ ತೆರಿಗೆಯನ್ನೂ 3ಕ್ಕೆ ರೌಂಡ್ ಮಾಡಿ, ಆಮೇಲೆ ಕೂಡಿಸಿ 9 ತೋರಿಸ್ತಿತ್ತು. ಗ್ರಾಹಕ ಕೊಟ್ಟಿದ್ದು ಒಂದು, ವರದಿ ಹೇಳೋದು ಇನ್ನೊಂದು.

ಟಿಕೆಟ್ ಹಾಕಿ, ಸಿವಿಯಾರಿಟಿ "ಹೈ" ಅಂತ ಬರೆದೆ. "ಒಂದು ರೂಪಾಯಿಗೆ ಹೈ ಏನಪ್ಪಾ?" ಅಂತ ಲೀಡ್ ನಕ್ಕರು. ಸ್ಪ್ರಿಂಟ್ ಮುಗಿಯೋಕೆ ಎರಡೇ ದಿನ ಇತ್ತು. ನಾನೇ ಅದನ್ನು "ಲೋ" ಅಂತ ಬದಲಾಯಿಸಿದೆ. ರಿಲೀಸ್ ಆಯ್ತು. ಇನ್ನೂ ಮೂರು ಸ್ಪ್ರಿಂಟ್ ದಾಟಿತು.

ಆಮೇಲೆ ಒಬ್ಬ ದಿನಸಿ ಅಂಗಡಿಯವರ ಫೋನ್ ಬಂತು. ವರದಿಯಲ್ಲಿರುವಷ್ಟು ದುಡ್ಡು ಗಲ್ಲಾದಲ್ಲಿ ಇಲ್ಲ. ಅವರ ಅಕೌಂಟೆಂಟ್ ಎರಡು ರಾತ್ರಿ ಕೂತು ಬಿಲ್ಲುಗಳಿಗೆ ಟಿಕ್ ಹಾಕಿದ ಮೇಲೆ ಕಾರಣ ಸಿಕ್ಕಿತ್ತು. ಅಷ್ಟರಲ್ಲಿ ಕೌಂಟರಿನ ಹುಡುಗನ ಮೇಲೆ ಅನುಮಾನ ಬಂದು, ಅವನನ್ನು ಕೆಲಸದಿಂದ ಬಿಡಿಸಿಯೂ ಆಗಿತ್ತು. ನಮ್ಮ ತಪ್ಪು ಅಂತ ಗೊತ್ತಾದ ಮೇಲೆ ವಾಪಸ್ ಕರೆದರಂತೆ. ಅವನು ಬರಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಸಿವಿಯಾರಿಟಿ ಅಂದ್ರೆ ಬಗ್‌ನಿಂದ ಹಾನಿ ಎಷ್ಟು. ಪ್ರಯಾರಿಟಿ ಅಂದ್ರೆ ಅದನ್ನು ಯಾವಾಗ ಸರಿಮಾಡಬೇಕು. ಮೊದಲನೆಯದನ್ನು ಟೆಸ್ಟರ್ ಹೇಳಬೇಕು, ಎರಡನೆಯದನ್ನು ಪ್ರಾಡಕ್ಟ್ ಓನರ್ ತೀರ್ಮಾನಿಸಬೇಕು. ಸಮಯ ಇಲ್ಲದಿದ್ರೆ ಪ್ರಯಾರಿಟಿ ಇಳಿಸಲಿ, ಅದು ಅವರ ಹೊಣೆ. ನಾನು ಇಳಿಸಿದ್ದು ಸಿವಿಯಾರಿಟಿಯನ್ನು. ಅಲ್ಲಿಗೆ ಹಾನಿಯ ಸುದ್ದಿಯೇ ದಾಖಲೆಯಿಂದ ಹೋಯ್ತು. ಮುಂದಿನ ಪ್ಲಾನಿಂಗ್ ಸಭೆಗಳಲ್ಲಿ ಆ ಟಿಕೆಟ್ ತೆರೆದು ನೋಡೋಕೆ ಯಾರಿಗೂ ಕಾರಣವೇ ಇರಲಿಲ್ಲ.

ಸುಳಿವು ಕಣ್ಣೆದುರಿಗೇ ಇದ್ದು ಯಾರೂ ನೋಡದಿದ್ರೆ ಏನಾಗುತ್ತೆ ಅನ್ನೋದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್. 2012ರ ಆಗಸ್ಟ್ 1ರ ಬೆಳಿಗ್ಗೆ ಅದರ 8 ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಮಾರುಕಟ್ಟೆ ತೆರೆಯುವ ಮುಂಚೆಯೇ ದೋಷ ಸೂಚಿಸುವ 97 ಇಮೇಲ್‌ಗಳು ಸಿಬ್ಬಂದಿಗೆ ಹೋಗಿದ್ದವು. ಯಾರೂ ಏನೂ ಮಾಡಲಿಲ್ಲ. ಸುಮಾರು 45 ನಿಮಿಷದಲ್ಲಿ ಆದ ನಷ್ಟ 40 ಕೋಟಿ ಡಾಲರಿಗೂ ಹೆಚ್ಚು.

ಹಾಗಾದ್ರೆ ಏನು ಮಾಡಬೇಕು? ಮೊದಲನೆಯದು, ಕೋಡ್ ಬರೆಯುವ ಮುಂಚೆಯೇ ಟೆಸ್ಟರ್, ಡೆವಲಪರ್, ಪ್ರಾಡಕ್ಟ್ ಓನರ್ ಕೂತು ಉದಾಹರಣೆ ಬರೆಯಿರಿ. "ಮೂರು ವಸ್ತು, ತೆರಿಗೆ 8, ಬಿಲ್ಲಲ್ಲೂ ವರದಿಯಲ್ಲೂ" ಅನ್ನೋ ಒಂದು ಸಾಲು ಇದ್ದಿದ್ರೆ ನಮ್ಮ ಬಗ್ ಹುಟ್ಟುತ್ತಲೇ ಇರಲಿಲ್ಲ. ಎರಡನೆಯದು, ಅದೇ ಸ್ಪ್ರಿಂಟ್‌ನ ಕೆಲಸದಲ್ಲಿ ಬಗ್ ಸಿಕ್ಕರೆ ಅಲ್ಲೇ ಸರಿಮಾಡಿ, ಇಲ್ಲಾಂದ್ರೆ ಆ ಕೆಲಸ ಮುಗಿದಿಲ್ಲ ಅಂತ ಒಪ್ಪಿಕೊಳ್ಳಿ. "ಮುಗಿದಿದೆ" ಅನ್ನೋದಕ್ಕೆ ತಂಡ ಹಾಕಿಕೊಂಡ ಅಳತೆ ಮುಟ್ಟದ ಕೆಲಸವನ್ನು ಸ್ಪ್ರಿಂಟ್ ರಿವ್ಯೂನಲ್ಲಿ ತೋರಿಸುವಂತೆಯೂ ಇಲ್ಲ ಅಂತ ಸ್ಕ್ರಮ್ ಗೈಡ್ ಹೇಳುತ್ತೆ. ಮೂರನೆಯದು, ಸರಿಮಾಡಿದ ಪ್ರತಿ ಬಗ್‌ಗೂ ಒಂದು ಆಟೊಮೇಟೆಡ್ ಟೆಸ್ಟ್ ಬರೆದಿಡಿ, ಅದು ಮತ್ತೆ ತಲೆ ಎತ್ತಿದ್ರೆ ಅವತ್ತೇ ಗೊತ್ತಾಗಲಿ.

ನಾಲ್ಕನೆಯದು ನನ್ನಂಥ ಹೊಸ ಟೆಸ್ಟರ್‌ಗಳಿಗೆ. ಟಿಕೆಟ್‌ನಲ್ಲಿ "ಒಂದು ರೂಪಾಯಿ ವ್ಯತ್ಯಾಸ" ಅಂತ ಮಾತ್ರ ಬರೀಬೇಡಿ. "ಗಲ್ಲಾ ತಾಳೆ ಆಗೋದಿಲ್ಲ, ಕೌಂಟರಿನವರ ಮೇಲೆ ಅನುಮಾನ ಬರುತ್ತೆ" ಅಂತ ಬರೀರಿ. ನಾನು ಅದನ್ನ ಬರೆದಿರಲಿಲ್ಲ.